ಮನೆಯಲ್ಲಿ ಅರಳು ಹುರಿದಂತೆ ಮಾತು, ಶಾಲೆಯಲ್ಲಿ ಮೌನ

ಪ್ರಶ್ನೆ: ಮಗಳಿಗೆ 5 ವರ್ಷ. ಮನೆಯಲ್ಲಿ ಅವಳ ಬಾಯಿ ನಿಲ್ಲುವುದೇ ಇಲ್ಲ. ಶಾಲೆ ಸೇರಿ 8 ತಿಂಗಳಾಯಿತು, ಟೀಚರ್ ಎದುರು ತುಟಿ ಬಿಚ್ಚಿಲ್ಲ. ಮೊನ್ನೆ ಟಾಯ್ಲೆಟ್ಟಿಗೆ ಹೋಗಬೇಕೆಂದು ಕೇಳಲಾಗದೆ ಬಟ್ಟೆ ಒದ್ದೆ ಮಾಡಿಕೊಂಡಳು. ಇದು ಹಟವಾ?

ಉತ್ತರ: ಹಟ ಅಲ್ಲ ತಾಯಿ, ಭಯ. ನೀವು ಹೇಳುವುದೆಲ್ಲ ಕೆಲವು ಕಡೆ ಮಾತೇ ಹೊರಡದ ಸ್ಥಿತಿಗೆ, ಅಂದರೆ ಸೆಲೆಕ್ಟಿವ್ ಮ್ಯೂಟಿಸಮ್‌ಗೆ ಹೊಂದುತ್ತದೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಇದನ್ನು ಆತಂಕದ ತೊಂದರೆಗಳ ಸಾಲಿಗೆ ಸೇರಿಸಿದೆ. ಮಾತಾಡಲು ಆಸೆಯಿದ್ದರೂ ಗಂಟಲು ಕಟ್ಟುತ್ತದೆ. ನನ್ನ ಮಗನೂ ಹೀಗೇ ಇದ್ದ. ‘ಆಂಟಿಗೆ ಹೆಸರು ಹೇಳೋ’ ಎಂದು ಎಲ್ಲರೆದುರು ಪೀಡಿಸುತ್ತಿದ್ದೆ. ಅವನು ನನ್ನ ಸೆರಗು ಹಿಡಿದು ಮರದ ಹಾಗೆ ನಿಲ್ಲುತ್ತಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಟಾಯ್ಲೆಟ್ಟಿಗೆ ಒಂದು ಚಿತ್ರದ ಕಾರ್ಡು ಮಾಡಿಕೊಡಿ, ತೋರಿಸಿದರೆ ಸಾಕು. ಆಮೇಲೆ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ನೀವಿಬ್ಬರೇ ಆಡಿ. ಅವಳು ಸಲೀಸಾಗಿ ಮಾತಾಡತೊಡಗಿದಾಗ ಟೀಚರ್ ಬಾಗಿಲ ಬಳಿ ಸುಮ್ನೆ ಏನೋ ಬರೆಯುತ್ತ ಕೂರಲಿ. ಅವಳನ್ನು ನೋಡಬಾರದು, ಪ್ರಶ್ನೆಯನ್ನಂತೂ ಕೇಳಲೇಬಾರದು. ದಿನಕ್ಕಿಷ್ಟು ಹತ್ತಿರ ಬರಲಿ. ಮೊದಲ ಪಿಸುಮಾತಿಗೆ ಚಪ್ಪಾಳೆ ಬೇಡ, ಮತ್ತೆ ಮುದುಡಿಕೊಳ್ಳಬಹುದು.

ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಬೇಗ ನೋಡಿ. ‘ದೊಡ್ಡವಳಾದರೆ ಸರಿಹೋಗ್ತಾಳೆ’ ಅನ್ನುವವರು ಜಾಸ್ತಿ ಇರುತ್ತಾರೆ, ಅವರ ಮಾತು ನಂಬಿ ಕಾಯುತ್ತ ಕೂರಬೇಡಿ.