ಏಲಕ್ಕಿಗೆ ಹಸಿರು ಬಣ್ಣ ಕೊಡಿ ನೋಡೋಣ

‘ಶಿರಸಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಒಂದು ತಂಬಾಕು ಕಂಪನಿಯವರು ತಮ್ಮದೇ ಹೆಸರಿನ ಏಲಕ್ಕಿಗೆ ಪ್ಯಾಕೆಟ್, ಹೋರ್ಡಿಂಗ್ ಮಾಡಿಕೊಡಿ ಎಂದಿದ್ದಾರೆ. ನನ್ನ ಮೂರು ತಿಂಗಳ ದುಡಿಮೆ ಇದೊಂದರಲ್ಲೇ ಬರುತ್ತದೆ. ಏಲಕ್ಕಿಯಲ್ಲಿ ತಂಬಾಕು ಇಲ್ಲ. ಅಪ್ಪ ಅಡಿಕೆ ಬೆಳೆಗಾರರು. ಆ ದುಡ್ಡಲ್ಲೇ ಓದಿದ ನಾನು ಈಗ ಬೇಡ ಎಂದರೆ ನಾಟಕ ಅಲ್ವಾ?’
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ನಾಟಕ ಏನೂ ಅಲ್ಲ. ಆದರೆ ನಿಮ್ಮ ಪತ್ರ ನನಗೂ ಚುಚ್ಚಿತು. ಕೆಲವು ವರ್ಷಗಳ ಹಿಂದೆ ನಮ್ಮ ಹಿಂಬದಿಯ ರಕ್ಷಾಪುಟಕ್ಕೂ ಇಂಥದ್ದೇ ಏಲಕ್ಕಿ ಜಾಹೀರಾತು ಬಂದಿತ್ತು. ಎರಡು ಸಂಚಿಕೆಯಲ್ಲಿ ಹಾಕಿದೆವು. ಪ್ರೆಸ್ಸಿನ ಬಾಕಿ ತೀರಿದ್ದೇ ಅದರಿಂದ.

ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ಪ್ಯಾಕೆಟ್ಟಿನ ಶೇ 85 ಭಾಗ ಎಚ್ಚರಿಕೆಗೇ ಹೋಗುತ್ತದೆ. ಉಳಿದ ಚೂರು ಜಾಗದಲ್ಲಿ ಡಿಸೈನರ್ ಏನು ಮಾಡಿಯಾನು? ಅದಕ್ಕೇ ಈ ಏಲಕ್ಕಿ. ಅವರು ಕೊಟ್ಟ ಸೂಚನೆಯನ್ನು ಇನ್ನೊಮ್ಮೆ ಓದಿ. ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ ಇರಲಿ ಎಂದಿದ್ದಾರೆ ತಾನೆ? ಬೇರೆ ಹೆಸರಿಡಿ, ಏಲಕ್ಕಿಗೆ ಒಪ್ಪುವ ಹಸಿರು ಬಣ್ಣ ಕೊಡುತ್ತೇನೆ ಎಂದು ಹೇಳಿ ನೋಡಿ. ಒಪ್ಪಿದರೆ ಧಾರಾಳವಾಗಿ ಮಾಡಿ. ಒಪ್ಪಲಿಕ್ಕಿಲ್ಲ.

ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದಾಗಲೂ ಹೀಗೇ ಆಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಬೆರೆಸಿಕೊಳ್ಳುವ ಕೆಲಸ ಗಿರಾಕಿಯದ್ದು. ‘ಇದರಲ್ಲಿ ತಂಬಾಕು ಇಲ್ಲ’ ಅನ್ನುವ ಮಾತು ಆಗಲೂ ನಿಜವೇ ಆಗಿತ್ತು!

ಇನ್ನು ಅಪ್ಪನ ವಿಷಯ. ಅಡಿಕೆಯೂ ಸಾಚಾ ಅಲ್ಲ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. (ಇಷ್ಟು ಬರೆದಿದ್ದಕ್ಕೆ ಮಲೆನಾಡಿನಿಂದ ಬೈಗುಳದ ಪತ್ರ ಬರುತ್ತವೆ, ಬರಲಿ.) ಆದರೆ ನಿಮ್ಮ ತಂದೆ ಅಡಿಕೆಯನ್ನು ಅಡಿಕೆ ಅಂತಲೇ ಮಂಡಿಗೆ ಹಾಕುತ್ತಾರೆ. ನಿಮ್ಮನ್ನು ಕರೆದಿರುವುದು ಏಲಕ್ಕಿ ತೋರಿಸಿ ತಂಬಾಕು ನೆನಪಿಸಲು. ಆ ಮರೆಮಾಚುವಿಕೆಯೇ ಇಲ್ಲಿ ಕೆಲಸ. ಅವರು ದುಡ್ಡು ಕೊಡುತ್ತಿರುವುದೂ ಅದಕ್ಕೇ. ನಾನಾಗಿದ್ದರೆ ಬಿಡುತ್ತಿದ್ದೆ.

ಮೂರು ತಿಂಗಳ ದುಡಿಮೆ ಅಂದರೆ ಸುಮ್ನೆ ಅಲ್ಲ, ಗೊತ್ತು. ಮನೆಯಲ್ಲಿ ಮೊದಲು ಮಾತಾಡಿ. ಬಿಡುವುದಾದರೆ ಬೇಗ ಬಿಡಿ. ಮುಂಗಡ ತೆಗೆದುಕೊಂಡಿದ್ದರೆ ವಾಪಸ್ ಕೊಡಿ. ಕಂಪನಿಯವರಿಗೆ ಉಪದೇಶ ಮಾಡಲು ಹೋಗಬೇಡಿ, ‘ಈ ಕೆಲಸ ನನ್ನಿಂದ ಆಗಲ್ಲ’ ಅಂದರೆ ಸಾಕು.

ಮೂರನೇ ಸಂಚಿಕೆಗೆ ನಾವೂ ಬೇಡ ಎಂದೆವು. ಬೇರೆ ಯಾರೂ ಬರಲಿಲ್ಲ. ನಾಲ್ಕು ತಿಂಗಳು ಆ ಪುಟದಲ್ಲಿ ನಮ್ಮದೇ ಚಂದಾ ಜಾಹೀರಾತು ಹಾಕಿಕೊಂಡೆವು.