ಪಟ್ಟಿಯಲ್ಲಿ ಗೆಳತಿಯ ಹೆಸರು

ಪ್ರಶ್ನೆ: ಅಕ್ಕಾರ, ನಾನು ಧಾರವಾಡದವಳು. ವಯಸ್ಸು 29. ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಕೆಲಸ. ಮುತ್ತಜ್ಜನ ಕಾಲದಿಂದ ನಾವು ಕ್ರೈಸ್ತರು, ಬಾಸೆಲ್ ಮಿಶನ್ ಕಾಲದ ಚರ್ಚು ನಮ್ಮದು. ಹೋದ ವರ್ಷದಿಂದ ಹುಬ್ಬಳ್ಳಿಯ ಒಂದು ಯೌವನಸ್ಥರ ಕೂಟಕ್ಕೂ ಹೋಗುತ್ತಿದ್ದೇನೆ. ಅಲ್ಲಿನ ಹಾಡು, ಪ್ರಾರ್ಥನೆ, ಜನ ಎಲ್ಲ ಇಷ್ಟ. ಆದರೆ ಪ್ರತಿ ಶನಿವಾರ ‘ಈ ವಾರ ಎಷ್ಟು ಜನಕ್ಕೆ ಸುವಾರ್ತೆ ಹೇಳಿದಿರಿ’ ಎಂದು ಕೇಳುತ್ತಾರೆ. ಒಬ್ಬೊಬ್ಬರೂ ಯೇಸುವಿನ ಈ ಸಂದೇಶ ಹೇಳಬೇಕಾದ ಐದು ಜನರ ಹೆಸರು ಬರೆದುಕೊಡಬೇಕಿತ್ತು. ನಾನು ಮೊದಲು ಬರೆದದ್ದು ನನ್ನ ಜೀವದ ಗೆಳತಿಯ ಹೆಸರು. ಇಬ್ಬರೂ ಒಂದೇ ಬ್ಯಾಂಕು, ದಿನಾ ಚಿಗರಿ ಬಸ್ಸಿನಲ್ಲಿ ಜೊತೆಗೇ ಓಡಾಟ, ಒಂದೇ ಡಬ್ಬಿಯಲ್ಲಿ ಊಟ.

ಈಗ ಅವಳ ಅವ್ವನಿಗೆ ಕ್ಯಾನ್ಸರ್. ಕೀಮೋ ನಡೆದಿದೆ. ಬಾಯೆಲ್ಲ ಹುಣ್ಣು, ಖಾರ ಸೇರುವುದಿಲ್ಲ. ಹೋದ ತಿಂಗಳು ಬಸ್ಸು ನವನಗರ ದಾಟುವಾಗ ಅವಳು ಇದ್ದಕ್ಕಿದ್ದಂತೆ ‘ನಿಮ್ಮಪ್ಪ ಹೋದಾಗ ನೀ ಹೆಂಗ ತಡ್ಕೊಂಡಿ?’ ಅಂದಳು. ನಾನು ‘ಏನಿಲ್ಲವಾ, ದಿನಾ ಹೋದಂಗ ತಾನ ಸರಿ ಆತು’ ಅಂದುಬಿಟ್ಟೆ. ಅದು ಸುಳ್ಳು. ಅಪ್ಪ ತೀರಿಕೊಂಡ ಮೇಲೆ ಆರು ತಿಂಗಳು ನಾನು ಚರ್ಚಿಗೇ ಹೋಗಿರಲಿಲ್ಲ. ದೇವರ ಮೇಲೆ ಅಷ್ಟು ಸಿಟ್ಟು. ಅವ್ವ ಮಾತ್ರ ದಿನಾ ರಾತ್ರಿ ಬೈಬಲಿನ 23ನೇ ಕೀರ್ತನೆ ಗಟ್ಟಿಯಾಗಿ ಓದುತ್ತಿದ್ದಳು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಯಾವತ್ತು ಅವಳ ಜೊತೆ ಬಾಯಿಗೂಡಿಸಿದೆನೋ ನೆನಪಿಲ್ಲ.

ಕೂಟದ ಮುಂದಾಳು ‘ದೇವರೇ ಬಾಗಿಲು ತೆರೆದಿದ್ದ, ನೀನು ಮುಚ್ಚಿದೆ’ ಅಂದರು. ಶಿಷ್ಯನಾಗಿದ್ದ ಪೇತ್ರನ ಹಾಗೆ ನಾನೂ ಯೇಸುವನ್ನು ಅರಿಯೆ ಅಂದೆನಾ? ಅವಳ ಅವ್ವನ ಹತ್ತಿರ ಹೋಗಿ ಪ್ರಾರ್ಥಿಸಿ ಸುವಾರ್ತೆ ಹೇಳು ಅಂತಲೂ ಒತ್ತಾಯ ಇದೆ. ಇತ್ತ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮತಾಂತರದ ಸುದ್ದಿ ಬಂದಾಗಲೆಲ್ಲ ಎಲ್ಲರೂ ನನ್ನನ್ನೇ ನೋಡಿದ ಹಾಗೆ ಅನಿಸುತ್ತದೆ. ಅವ್ವ ‘ನಮ್ಮ ಪಾಡಿಗೆ ನಾವು ಇರೋಣು’ ಅನ್ನುತ್ತಾಳೆ. ಇನ್ನೊಂದು ಸಣ್ಣ ವಿಷಯ. ದಸರಾಕ್ಕೆ ಗೆಳತಿ ಬನ್ನಿ ಕೊಟ್ಟರೆ ತಗೊಳ್ಳುತ್ತೇನೆ. ಪ್ರಸಾದ ಕೊಟ್ಟರೆ ಈಗೀಗ ಕೈ ಹಿಂದಕ್ಕೆ ಹೋಗುತ್ತದೆ. ಬ್ಯಾಂಕಿನಲ್ಲಿ ಪಾಲಿಸಿ ಟಾರ್ಗೆಟ್, ಚರ್ಚಿನಲ್ಲಿ ಆತ್ಮಗಳ ಟಾರ್ಗೆಟ್. ನಡುವೆ ನಾನು. ಏನು ಮಾಡಲಿ?

ಉತ್ತರ: ನಮ್ಮ ಮಂಗಳೂರು ಕಡೆ ನನ್ನನ್ನು ಯಾರೂ ‘ಅಕ್ಕಾರ’ ಅಂತ ಕರೆದಿಲ್ಲ. ಓದಿ ಖುಷಿಯಾಯಿತು. ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಅದನ್ನು ನೀವು ಅರ್ಧ ತಮಾಷೆಗೆ ಬರೆದಿದ್ದೀರಿ, ಆದರೆ ನಿಮ್ಮ ಕಷ್ಟದ ಬೇರು ಅಲ್ಲೇ ಇದೆ.

ಪಾಲಿಸಿ ಮಾರಲು ಬಂದವರು ‘ಮನೆಯಲ್ಲಿ ಎಲ್ಲರೂ ಆರಾಮಾ?’ ಎಂದು ಕೇಳಿದಾಗ ನಮಗೆ ಹೇಗನಿಸುತ್ತದೆ, ನಿಮಗೆ ಗೊತ್ತು. ಕೇಳುವುದು ಒಳ್ಳೆಯ ಮಾತೇ. ಆದರೆ ಬ್ಯಾಗಿನೊಳಗೆ ಫಾರಂ ಇದೆ ಅಂತ ಇಬ್ಬರಿಗೂ ಗೊತ್ತಿರುತ್ತದೆ. ನಿಮ್ಮ ಗೆಳತಿಗೆ ಆ ಐದು ಹೆಸರಿನ ಪಟ್ಟಿ ಗೊತ್ತಿಲ್ಲ. ಒಂದು ದಿನ ಅದು ಅವಳ ಕೈಗೆ ಸಿಕ್ಕಿತು ಅಂದುಕೊಳ್ಳಿ. ಇಷ್ಟು ವರ್ಷ ಹಂಚಿಕೊಂಡ ರೊಟ್ಟಿ, ಬಸ್ಸಿನಲ್ಲಿ ಹಿಡಿದಿಟ್ಟ ಸೀಟು, ಅವಳ ಅವ್ವನ ವಿಷಯ ಕೇಳಿ ನೀವು ಅತ್ತದ್ದು, ಎಲ್ಲದರ ಮೇಲೂ ಅವಳಿಗೆ ಅನುಮಾನ ಬರುತ್ತದೆ. ಬಸ್ಸಿನಲ್ಲಿ ನಿಮ್ಮ ಬಾಯಿ ಕಟ್ಟಿದ್ದು ಅಂಜಿಕೆಯಿಂದ ಮಾತ್ರ ಅಂತ ನನಗನಿಸುವುದಿಲ್ಲ. ಈಗ ಹೇಳುವುದು ಗೆಳತಿಗೋ, ಪಟ್ಟಿಗೋ ಅನ್ನೋದು ನಿಮಗೇ ತಿಳಿಯಲಿಲ್ಲ. ಹಾಗೆ ತಡವರಿಸಿದ್ದು ಒಳ್ಳೆಯ ಮನಸ್ಸಿನ ಗುರುತು.

ಹಾಗಾಗಿ ಮೊದಲ ಕೆಲಸ, ಬರುವ ಶನಿವಾರ ಪಟ್ಟಿಯಿಂದ ಅವಳ ಹೆಸರು ತೆಗೆಸಿ. ಜಗಳ ಬೇಡ. ‘ಇವಳು ನನ್ನ ಗೆಳತಿ, ಇವಳ ಲೆಕ್ಕ ನಾನು ಕೊಡುವುದಿಲ್ಲ’ ಅಂದರೆ ಸಾಕು. ಕೂಟ ಬಿಡಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ನಿಮಗೆ ಹಾಡಿದೆ, ಜನ ಇದ್ದಾರೆ. ಅಷ್ಟು ಹೇಳಿದ್ದಕ್ಕೇ ಅವರು ಮುಖ ತಿರುಗಿಸಿದರೆ ಆಗ ಬೇರೆ ಯೋಚನೆ ಮಾಡೋಣ.

ಇನ್ನು ಪೇತ್ರ. ಯೇಸುವನ್ನು ಹಿಡಿದೊಯ್ದ ರಾತ್ರಿ ಅವನು ಬೆಂಕಿ ಕಾಯಿಸುತ್ತಾ ಕೂತು, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂದ. ನೀವು ಹಾಗೆ ಅನ್ನಲಿಲ್ಲ. ಅಪ್ಪನನ್ನು ಕಳೆದುಕೊಂಡ ನೋವನ್ನು ತುಂಬಿದ ಬಸ್ಸಿನಲ್ಲಿ ಬಿಚ್ಚಲು ಆಗದೆ ಮುಚ್ಚಿಟ್ಟಿರಿ. ಎರಡಕ್ಕೂ ತುಂಬಾ ದೂರ. ಹೋಗಲಿ, ಪೇತ್ರನ ಹಾಗೇ ಅಂತ ಇಟ್ಟುಕೊಳ್ಳೋಣ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಅವನನ್ನು ಮತ್ತೆ ಕಂಡಾಗ ಮೊದಲು ಮಾಡಿದ್ದೇನು? ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬಂದು ಊಟ ಮಾಡಿ ಅಂದ. ‘ನನ್ನನ್ನು ಪ್ರೀತಿಸುತ್ತೀಯಾ’ ಅನ್ನುವ ಪ್ರಶ್ನೆ ಬಂದದ್ದು ಊಟ ಆದ ಮೇಲೆ. ಬಾಗಿಲು ಮುಚ್ಚಿದೆ ಅಂತ ಬೈದ ದಾಖಲೆ ಅಲ್ಲಿಲ್ಲ.

ಅದೇ ಪೇತ್ರನ ಹೆಸರಿನ ಮೊದಲ ಪತ್ರದ 3ನೇ ಅಧ್ಯಾಯ, 15ನೇ ವಚನ ನಿಮ್ಮ ಕೂಟದಲ್ಲಿ ಖಂಡಿತ ಓದಿರುತ್ತಾರೆ. ನಿಮ್ಮ ನಿರೀಕ್ಷೆಗೆ ಕಾರಣವೇನು ಎಂದು ಕೇಳಿದವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ ಅನ್ನುವ ಅರ್ಥದ ಮಾತು. ಅದನ್ನು ಓದುವಾಗ ಎರಡು ಕಡೆ ಸ್ವಲ್ಪ ನಿಲ್ಲಬೇಕು. ಒಂದು, ‘ಕೇಳಿದವರಿಗೆ’ ಅನ್ನೋ ಕಡೆ. ಇನ್ನೊಂದು, ಅದರ ಬೆನ್ನಿಗೇ ಬರುವ ಸೌಮ್ಯತೆ, ಗೌರವದ ಮಾತಿನ ಕಡೆ. ನಿಮ್ಮ ಗೆಳತಿ ಕೇಳಿದ್ದಾಳೆ. ಅವಳ ಪ್ರಶ್ನೆ ಇನ್ನೂ ಹಾಗೇ ಇದೆ. ಕೀಮೋ ನಡೆದಿರುವ ಮನೆಯಲ್ಲಿ ಅಂಥ ಪ್ರಶ್ನೆ ಒಂದು ತಿಂಗಳಿಗೆ ಹಳತಾಗುವುದಿಲ್ಲ.

ಈ ವಾರ ಜಾಗ ಖಾಲಿ ಇರುವ ಹೊತ್ತು ನೋಡಿ ಹೇಳಿ: ‘ಅವತ್ತ ನೀ ಕೇಳಿದ್ದಿ, ನಾ ಖರೇ ಹೇಳ್ಲಿಲ್ಲ.’ ಆಮೇಲೆ ನನಗೆ ಬರೆದದ್ದನ್ನೇ ಹೇಳಿ. ಆರು ತಿಂಗಳ ಸಿಟ್ಟು, ಗೋಡೆ ಕಡೆ ತಿರುಗಿ ಮಲಗಿದ್ದು, ಅವ್ವನ ದನಿ. ದಯವಿಟ್ಟು ಸಿಟ್ಟಿನ ಭಾಗ ಬಿಡಬೇಡಿ. ಕೂಟಗಳಲ್ಲಿ ‘ಸಾಕ್ಷಿ’ ಅಂದರೆ ಗೆದ್ದ ಕಥೆಯೇ ಆಗಬೇಕು ಅನ್ನೋ ರೂಢಿ ಬಂದುಬಿಟ್ಟಿದೆ. ಆದರೆ ಕೋರ್ಟಿನಲ್ಲಿ ಸಾಕ್ಷಿಯ ಕೆಲಸ ಕಂಡದ್ದನ್ನು ಹೇಳುವುದಷ್ಟೇ, ವಾದ ಮಾಡಲು ವಕೀಲರು ಬೇರೆ ಇರುತ್ತಾರೆ. ಯೋಹಾನ 9ರಲ್ಲಿ ಕಣ್ಣು ಬಂದ ಹುಟ್ಟುಕುರುಡನನ್ನು ದೊಡ್ಡವರೆಲ್ಲ ಸುತ್ತುವರಿದು ಪಾಟೀ ಸವಾಲು ಹಾಕುತ್ತಾರೆ. ಯೇಸು ಪಾಪಿ ಹೌದೋ ಅಲ್ಲವೋ ನಾನರಿಯೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ, ನನಗೆ ಗೊತ್ತಿರುವುದು ಅಷ್ಟೇ ಎಂದು ಅವನು ನೆಟ್ಟಗೆ ಹೇಳಿಬಿಡುತ್ತಾನೆ. ನಿಮಗೆ ಗೊತ್ತಿರುವುದು ಒಂದು ಕೀರ್ತನೆ, ಒಂದು ಗೋಡೆ. ಅದಕ್ಕಿಂತ ಒಂದು ಮಾತೂ ಜಾಸ್ತಿ ಹೇಳಬೇಕಾಗಿಲ್ಲ. ‘ನೀನೂ ನಂಬಿದರೆ ನಿಮ್ಮವ್ವ ಗುಣ ಆಗುತ್ತಾಳೆ’ ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ನಿಮ್ಮಪ್ಪ ಹೋದದ್ದು ನಿಮ್ಮ ಮನೆಯಲ್ಲಿ ನಂಬಿಕೆ ಕಮ್ಮಿಯಾಗಿ ಅಲ್ಲ, ಅಲ್ವಾ?

ಅವಳ ಅವ್ವನ ಹಾಸಿಗೆ ಪಕ್ಕ ಸುವಾರ್ತೆ ಹೇಳುವ ವಿಷಯಕ್ಕೆ ನನ್ನದೇ ಒಂದು ಕಥೆ ಇದೆ. ಇಪ್ಪತ್ತರ ವಯಸ್ಸಿನಲ್ಲಿ ನಾನು ನರ್ಸಿಂಗ್ ಓದುತ್ತಿದ್ದೆ. ಭಾರೀ ಉತ್ಸಾಹ. ಸಮವಸ್ತ್ರದ ಜೇಬಿನಲ್ಲಿ ಕರಪತ್ರ ಇಟ್ಟುಕೊಂಡು ವಾರ್ಡಿಗೆ ಹೋಗುತ್ತಿದ್ದೆ. ಸೊಂಟ ಮುರಿದು ಮಲಗಿದ್ದ ಒಬ್ಬ ಅಜ್ಜಿಗೆ ಒಂದು ಕೊಟ್ಟೆ, ಹತ್ತು ನಿಮಿಷ ವಿವರಿಸಿದೆ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ಮರುದಿನ ನೋಡಿದರೆ ಆ ಕರಪತ್ರದಲ್ಲಿ ಎಲೆ-ಅಡಿಕೆ ಸುತ್ತಿಟ್ಟಿದ್ದರು. ‘ನಿನ್ನೆ ಏನೋ ಹೇಳಿದಿ ಮಗಾ, ಸೊಂಟ ನೋವಿಗೆ ತಲೆಗೆ ಹೋಗಲಿಲ್ಲ. ಸ್ವಲ್ಪ ತಲೆ ಬಾಚಿ ಕೊಡ್ತೀಯಾ?’ ಅಂದರು. ನನಗೆ ನಾಚಿಕೆಯಾಯಿತು. ಅವರು ಎದ್ದು ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಬೇಡ ಅಂದರೆ ನರ್ಸಮ್ಮ ಸಿಟ್ಟಾಗಿ ಮಾತ್ರೆ ತಡ ಮಾಡಿಯಾಳು ಅನ್ನೋ ಅಂಜಿಕೆಯೂ ಇದ್ದಿರಬಹುದು. ಎದ್ದು ಹೋಗಲಾರದವರಿಗೆ ಉಪದೇಶ ಮಾಡುವುದನ್ನು ಅವತ್ತೇ ಬಿಟ್ಟೆ. ತಲೆ ಬಾಚುವುದನ್ನು ಮಾತ್ರ ನಿವೃತ್ತಿಯಾಗುವವರೆಗೂ ಬಿಡಲಿಲ್ಲ.

ಪ್ರಾರ್ಥನೆ ಬೇರೆ ಮಾತು. ‘ಮನ್ಯಾಗ ನಾನು ಅವ್ವ ದಿನಾ ನಿಮ್ಮವ್ವನ ಹೆಸರು ಹೇಳಿ ಪ್ರಾರ್ಥನಾ ಮಾಡ್ತೀವಿ, ನಿನಗ ನಡೀತದಲ್ಲ?’ ಅಂತ ಗೆಳತಿಯನ್ನೇ ಕೇಳಿ. ಬಹಳ ಮಟ್ಟಿಗೆ ನಡೀತದ ಅನ್ನುತ್ತಾಳೆ. ಅವರ ಮನೆಯಲ್ಲೂ ಹರಕೆ ಹೊತ್ತಿರುತ್ತಾರೆ, ಅದನ್ನು ಅವಳು ನಿಮಗೆ ಹೇಳಿದರೆ ಮುಖ ಬಿಗಿ ಮಾಡಬೇಡಿ. ಬೇಡ ಅಂದರೂ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಪ್ರಾರ್ಥನೆಯನ್ನು ಯಾರೂ ತಡೆಯುವುದಿಲ್ಲ.

ವಾಟ್ಸಾಪಿನ ಕಿರಿಕಿರಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರ ತಡೆ ಕಾಯಿದೆ ಬಂತು, 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಅದರ ಸುತ್ತ ಆದ ಗದ್ದಲ ನಿಮಗೂ ನೆನಪಿರಬಹುದು. ಆದರೆ ಗೆಳತಿ ಕೇಳಿದ್ದಕ್ಕೆ ‘ನಾ ಹೀಂಗ ತಡ್ಕೊಂಡೆ’ ಅಂತ ಹೇಳಲು ನೀವು ಕಾಯಿದೆ ಪುಸ್ತಕ ತೆರೆಯಬೇಕಾಗಿಲ್ಲ. ಗುಂಪಿನಲ್ಲಿ ವಾದಕ್ಕೆ ಇಳಿಯಬೇಡಿ. ಸುಳ್ಳು ಸುದ್ದಿ ಅಂತ ಖಚಿತವಾಗಿ ಗೊತ್ತಿದ್ದರೆ ಒಂದು ಸಾಲು ಹಾಕಿ ಸುಮ್ಮನಾಗಿ.

ನಿಮ್ಮ ಅವ್ವನ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ‘ನಮ್ಮ ಪಾಡಿಗೆ ನಾವು’ ಅನ್ನುವುದರ ಹಿಂದೆ ಅಲ್ಪಸಂಖ್ಯಾತ ಮನೆಯೊಂದರ ತಲೆಮಾರುಗಳ ಜಾಣತನ ಇದೆ. ಮಜಾ ಅಂದರೆ, ಅವರು ಹಾಗೆ ಅನ್ನುತ್ತಲೇ ಕ್ರಿಸ್‌ಮಸ್‌ಗೆ ಓಣಿಗೆಲ್ಲ ಕರ್ಚಿಕಾಯಿ ಹಂಚುತ್ತಾರೆ ಅಂತ ಪಣ ಕಟ್ಟುತ್ತೇನೆ. ಅವ್ವ ತಾನು ಸುವಾರ್ತೆ ಸಾರುತ್ತಿದ್ದೇನೆ ಅಂದುಕೊಂಡು ಆ ಕೀರ್ತನೆ ಓದಲಿಲ್ಲ. ಆದರೂ ನಿಮ್ಮನ್ನು ಗೋಡೆಯಿಂದ ಈ ಕಡೆ ತಿರುಗಿಸಿದ್ದು ಅದೇ.

ನಿಮ್ಮ ಊರಿನಲ್ಲೇ ಹೆಸರು ಉಳಿಸಿಕೊಂಡಿರುವ ಕಿಟೆಲ್‌ರನ್ನು ನೋಡಿ. 1853ರಲ್ಲಿ ಇಪ್ಪತ್ತೊಂದರ ಹುಡುಗ ಬಾಸೆಲ್ ಮಿಶನ್‌ನಿಂದ ಸುವಾರ್ತೆ ಹೇಳಲು ಬಂದರು. ಹೇಳಲು ಬಂದವರು ಕೇಳುತ್ತಾ ಕೂತರು. ಜನ ಯಾವ ಮಾತನ್ನು ಯಾವ ಅರ್ಥಕ್ಕೆ ಆಡುತ್ತಾರೆ, ಯಾವ ಗಾದೆ ಎಲ್ಲಿ ಬರುತ್ತದೆ ಎಂದು ಬರೆದಿಟ್ಟುಕೊಂಡರು. 1872ರಲ್ಲಿ ಒಬ್ಬ ಜೈನ ಪಂಡಿತನ ಹಳೆಗನ್ನಡ ವ್ಯಾಕರಣ, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅವರ ಬೋಧನೆಯಿಂದ ಎಷ್ಟು ಜನ ಚರ್ಚಿಗೆ ಸೇರಿದರು ಅನ್ನೋ ಲೆಕ್ಕ ಇವತ್ತು ಯಾರೂ ಕೇಳುವುದಿಲ್ಲ. ಶನಿವಾರದ ಕೂಟದಲ್ಲಿ ಇದನ್ನೊಮ್ಮೆ ಹೇಳಿ ನೋಡಿ, ಏನಂತಾರೋ ನನಗೂ ಕುತೂಹಲ.

ಪ್ರಸಾದದ ವಿಷಯ ಸಣ್ಣದು ಅಂದಿರಿ. ನನಗೆ ಅದು ದೊಡ್ಡದಾಗಿಯೇ ಕಾಣುತ್ತದೆ, ಯಾಕೆಂದರೆ ಅದರಲ್ಲಿ ತೆಗೆದುಕೊಳ್ಳುವ ಕೈ ನಿಮ್ಮದು. ಬೇರೆ ದೇವರಿಗೆ ಇಟ್ಟ ನೈವೇದ್ಯ ತಿನ್ನಬಹುದೋ ಅನ್ನೋದು ಹಳೇ ತಕರಾರು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲ 8ನೇ ಅಧ್ಯಾಯದಲ್ಲಿ ಅದನ್ನು ಎತ್ತಿ, 10ರಲ್ಲಿ ಮತ್ತೆ ಅದಕ್ಕೇ ಬರುತ್ತಾನೆ. ಆಹಾರ ನಮ್ಮನ್ನು ದೇವರ ಹತ್ತಿರ ಒಯ್ಯುವುದಿಲ್ಲ ಅಂತಾನೆ, ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಕೇಳದೆ ತಿನ್ನಿ ಅಂತಾನೆ, ನೈವೇದ್ಯ ಅಂತ ಯಾರಾದರೂ ತಿಳಿಸಿದರೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ ಅಂತಲೂ ಅಂತಾನೆ. ಒಂದೇ ಏಟಿಗೆ ತೀರ್ಪು ಕೊಡಲು ಅವನಿಗೂ ಆಗಲಿಲ್ಲ. ನಮ್ಮ ಮನೆಯಲ್ಲೇ ನಾನು ತಗೊಳ್ಳುತ್ತೇನೆ, ನನ್ನ ತಂಗಿ ತಗೊಳ್ಳುವುದಿಲ್ಲ. ಅವಳು ಕೈಮುಗಿದು ‘ನನಗೆ ರೂಢಿ ಇಲ್ಲ, ತಪ್ಪು ತಿಳೀಬೇಡಿ’ ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಯಾರೂ ಅವಳ ಮೇಲೆ ಮುನಿಸಿಕೊಂಡಿಲ್ಲ. ನೋವಾಗುವುದು ಏನೂ ಹೇಳದೆ ಹಿಂದಕ್ಕೆ ಹೋಗುವ ಕೈಯಿಂದ. ಗೆಳತಿ ಅದನ್ನು ಗಮನಿಸಿಯೇ ಇರುತ್ತಾಳೆ. ತಗೊಳ್ಳುವುದೋ ಬಿಡುವುದೋ ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು, ಆದರೆ ಕಾರಣವನ್ನು ಅವಳ ಮುಖ ನೋಡಿ ಹೇಳಿ.

ಸಮಾರ್ಯದ ಬಾವಿಯ ಹತ್ತಿರ ಯೇಸು ಆ ಹೆಂಗಸಿನ ಜೊತೆ ಮಾತು ಶುರು ಮಾಡಿದ್ದೇ ಕುಡಿಯಲು ನೀರು ಕೇಳಿ. ಯೇಸುವಿನ ಜನರಾದ ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಆದರೂ ಮೊದಲು ಕೈ ಚಾಚಿದ್ದು ಅವನು. ಕೊಡುವವರ ಜಾಗದಲ್ಲೇ ಕೂತು ಕೂತು ನಮಗೆ ಇದು ಮರೆತುಹೋಗುತ್ತದೆ.

ಮುಂದಿನ ಕೀಮೋ ಯಾವತ್ತು ಅಂತ ಕೇಳಿಕೊಳ್ಳಿ. ಒಂದು ದಿನ ರಜೆ ಹಾಕಿ ಆಸ್ಪತ್ರೆಯಲ್ಲಿ ನೀವು ಕೂತರೆ ಅವಳು ಮನೆಗೆ ಹೋಗಿ ನಾಲ್ಕು ತಾಸು ಮಲಗಬಹುದು. ಬಾಯಿ ಹುಣ್ಣಾಗಿದೆ ಅಂದಿದ್ದೀರಿ. ಡಾಕ್ಟರು ಏನು ಕೊಡಬಹುದು ಅಂದಿದ್ದಾರೆ ಅಂತ ತಿಳಿದುಕೊಂಡು, ಒಪ್ಪಿದರೆ ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಆರಿಸಿ, ಡಬ್ಬಿಯಲ್ಲಿ ಒಯ್ಯಿರಿ. ಶೇಂಗಾ ಚಟ್ನಿ ಬೇಡ. ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ರೂಢಿ ನಿಮ್ಮ ಕಡೆಯೂ ಇರಲಿಕ್ಕಿಲ್ಲ. ಆ ತಾಯಿ ಅದರೊಳಗೆ ಏನು ಹಾಕಿಸಿ ಕಳಿಸಿದರೂ ಎರಡೂ ಕೈ ಚಾಚಿ ಇಸಿದುಕೊಳ್ಳಿ.