ಅಜ್ಜನ ಟ್ರಂಕಿನ ಎರಡು ಪದಕ

ಹೊಳಲ್ಕೆರೆಯ ಅಜ್ಜನ ಟ್ರಂಕಿನಲ್ಲಿ ನಕ್ಷತ್ರದಂಥದೊಂದು, ದುಂಡನೆಯದೊಂದು ಪದಕ ಸಿಕ್ಕಿವೆ, ಶೌರ್ಯಕ್ಕೆ ಕೊಟ್ಟದ್ದಾ ಅಂತ ಕೇಳಿದ್ದೀರಿ. ಅಲ್ಲ ಸರ್, ನೀವು ಬರೆದಿರೋದನ್ನು ನೋಡಿದರೆ ಎರಡೂ 1971ರ ಯುದ್ಧದ ಸೇವಾ ಪದಕಗಳು. ಐದು ಮೂಲೆಯ ಕಂಚಿನ ನಕ್ಷತ್ರ, ನಡುವೆ ರಾಷ್ಟ್ರಲಾಂಛನ, ಸುತ್ತ ಹಿಂದಿಯಲ್ಲಿ 'ಪೂರ್ವೀ ಸ್ಟಾರ್' ಅಂತಿದ್ದರೆ ನಿಮ್ಮಜ್ಜ ಬಾಂಗ್ಲಾ ಕಡೆಯ ರಣರಂಗದಲ್ಲಿದ್ದರು. ಪಾಕಿಸ್ತಾನದ ಗಡಿಯಲ್ಲಿದ್ದವರಿಗೆ ಪಶ್ಚಿಮೀ ಸ್ಟಾರ್. ದುಂಡನೆಯದು ಸಂಗ್ರಾಮ್ ಮೆಡಲ್. ಅದರ ವ್ಯಾಪ್ತಿ ದೊಡ್ಡದು, ಕಾರ್ಯಾಚರಣೆಯ ಪ್ರದೇಶದಲ್ಲಿ ದುಡಿದ ಪೊಲೀಸರಿಗೂ ಸಂದಿದೆ. ಹಾಗಾಗಿ ಒಬ್ಬರಿಗೇ ಎರಡೂ ಬಂದದ್ದು ಸಹಜ.

ದುಂಡನೆಯದರ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ, ಸೇನಾ ಸಂಖ್ಯೆ, ಹೆಸರು ಕೊರೆದಿರಬೇಕು. ದಯವಿಟ್ಟು ಹುಣಸೆಹಣ್ಣು ಹಚ್ಚಿ ಬೆಳಗಬೇಡಿ. ದಾವಣಗೆರೆಯ ನಮ್ಮ ಮನೇಲಿ ದೊಡ್ಡಪ್ಪನ ಪದಕವನ್ನು ಪ್ರತಿ ದೀಪಾವಳಿಗೂ ಹಾಗೇ ಉಜ್ಜಿ, ಈಗ ಹೆಸರಿನ ಮೊದಲೆರಡು ಅಕ್ಷರ ಕಣ್ಣಿಗೆ ಕಾಣೋದಿಲ್ಲ, ಬೆರಳಿಗೆ ಮಾತ್ರ ಸಿಗುತ್ತವೆ.